ಐವತ್ತಕ್ಕೆ ಐವತ್ತರ ಮುಯ್ಯಿ

ಕೊಟ್ಟವನು ಕೊಟ್ಟು ಮರೆತು ನಿದ್ದೆ ಮಾಡುತ್ತಾನೆ. ಕೊಡದವನೇ ಮಗ್ಗುಲು ಬದಲಿಸುತ್ತಾ ಒದ್ದಾಡುತ್ತಾನೆ ಎಂಬುದು ನನ್ನ ಅನುಭವ. ಇಲ್ಲಿ ನಾನು ದುಡ್ಡಿನ ಮಾತು ಆಡುತ್ತಿಲ್ಲ. ಮೇಷ್ಟ್ರಾದವನಿಗೆ ಆ ಒದ್ದಾಟದ ಅವಕಾಶವನ್ನು ಸರ್ಕಾರ ಕೊಟ್ಟಿಲ್ಲ. ನಾನು ಹೇಳುತ್ತಿರುವುದು ಅಂಕಗಳ ವಿಷಯ. ಅಂಕಕ್ಕೆ ತೂಕವಿಲ್ಲ, ಅದು ಕಣಜದಲ್ಲಿಟ್ಟ ಪದಾರ್ಥವಲ್ಲ, ಕೊಟ್ಟರೆ ಖಾಲಿಯಾಗುವುದಿಲ್ಲ. ಮೂವತ್ತು ಎಂದು ಬರೆಯುವುದಕ್ಕೂ ಐವತ್ತು ಎಂದು ಬರೆಯುವುದಕ್ಕೂ ಪೆನ್ನಿನ ಶಾಯಿ ಸರಿಸುಮಾರು ಒಂದೇ ಖರ್ಚು. ಆದರೂ ನನ್ನ ಕೈ ಮೂವತ್ತೈದು ದಾಟುವಾಗ ಕಡಿದಾದ ಘಟ್ಟ ಹತ್ತುವ ಹಳೆಯ ಬಸ್ಸಿನಂತೆ ಏದುಸಿರು ಬಿಡುತ್ತಿತ್ತು. ಇದಕ್ಕೆ ನನ್ನನ್ನು ಬೈದು ಪ್ರಯೋಜನವಿಲ್ಲ. ನನಗೆ ರಸಾಯನಶಾಸ್ತ್ರ ಕಲಿಸಿದ ಗುರುಗಳು ಒಮ್ಮೆ ಯಾವುದೋ ದುರ್ಬಲ ಗಳಿಗೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಐವತ್ತಕ್ಕೆ ಮೂವತ್ತಾರು ಕೊಟ್ಟುಬಿಟ್ಟು, ಮರುದಿನ ಜ್ವರ ಬಂದು ಮಲಗಿದರು. ಎರಡಕ್ಕೂ ಸಂಬಂಧವಿಲ್ಲವೆಂದು ಡಾಕ್ಟರು ಎಷ್ಟು ಹೇಳಿದರೂ ಕಾಲೇಜಿನಲ್ಲಿ ಒಬ್ಬರೂ ನಂಬಲಿಲ್ಲ. ಅಂಥವರ ಕೈಕೆಳಗೆ ಕಲಿತು ಬಂದವನು ನಾನು.

ತಮಿಳು ರಾಜ್ಯದೊಳಗಿದ್ದೂ ಕನ್ನಡ ಮಾತಾಡುವ ತಾಳವಾಡಿಯ ನಮ್ಮ ಶಾಲೆಗೆ ಪ್ಲಸ್ ಟೂ ತರಗತಿಗಳು ಬಂದಾಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅದರ ಜೊತೆಗೆ ಒಂದು ಪ್ರಯೋಗಾಲಯವೂ ಬಂತು. ಹಿಂದೆ ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆಯೇ ಪ್ರಯೋಗಾಲಯವಾಯಿತು. ಮುರಿದ ಬೆಂಚುಗಳು ತರಗತಿಗೆ ಹೋದವು. ಪ್ರಯೋಗ ಪರೀಕ್ಷೆಗೆ ಐವತ್ತು ಅಂಕ. ಆ ಅಂಕ ಕೊಡುವುದಕ್ಕೆ ಶಾಲೆಯ ಮೇಷ್ಟ್ರಾದ ನಾನು ಒಬ್ಬ, ಹೊರಗಿನ ಶಾಲೆಯಿಂದ ಬರುವ ಪರೀಕ್ಷಕರು ಇನ್ನೊಬ್ಬರು. ನಮಗೆ ಬಂದವರು ಘಟ್ಟದ ಕೆಳಗಿನ ಬಯಲಿನ ಶಾಲೆಯ ಆರುಮುಗಂ ಎಂಬ ಮೇಷ್ಟ್ರು. ಅವರು ನಮ್ಮ ಮಕ್ಕಳನ್ನು ಪರೀಕ್ಷಿಸಿ ಹೋದ ಕೆಲವೇ ದಿನಗಳಲ್ಲಿ ನಾನು ಕೆಳಗಿಳಿದು ಅವರ ಮಕ್ಕಳನ್ನು ಪರೀಕ್ಷಿಸಿ ಬರಬೇಕು. ಸರ್ಕಾರ ಇದನ್ನು ನಿಷ್ಪಕ್ಷಪಾತಕ್ಕಾಗಿ ಮಾಡಿದ ಏರ್ಪಾಡು ಎಂದು ತಿಳಿದಿತ್ತು. ನಮ್ಮ ಕಡೆಯ ಜನ ಬೇರೆಯೇ ತಿಳಿದರು.

ಮೊದಲ ವರ್ಷ ಆರುಮುಗಂ ಅವರು ದಿಂಬಂ ಘಟ್ಟದ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಳೆದುಕೊಂಡು, ಹಾಸನೂರಿನಲ್ಲಿ ಮುಖ ತೊಳೆದು, ನಮ್ಮೂರಿನಲ್ಲಿ ಬಸ್ಸಿನಿಂದ ಇಳಿದಾಗ ಪರೀಕ್ಷೆಗೆ ಬಂದ ಮಕ್ಕಳಿಗಿಂತ ಹೆಚ್ಚು ಬಿಳಿಚಿಕೊಂಡಿದ್ದರು. ನನ್ನ ಹೆಂಡತಿ ಸರ್ವಮಂಗಳ ನಿಂಬೆಹಣ್ಣಿನ ಪಾನಕ ಕೊಟ್ಟಳು. ಮಧ್ಯಾಹ್ನ ಅವರೆಕಾಳಿನ ಸಾರು, ಮುದ್ದೆ, ಬೆಣ್ಣೆ. ಸಂಜೆ ಅವರು ಅಂಕ ಹಾಕಲು ಕೂತಾಗ ಮುಖದಲ್ಲಿ ರಕ್ತ ವಾಪಸು ಬಂದಿತ್ತು. “ಪಾವಂ ಸಾರ್, ಮಲೆ ಮಕ್ಕಳು, ಕಷ್ಟಪಟ್ಟು ಓದ್ತಾವೆ,” ಎಂದು ಕನಿಕರಪಟ್ಟು ಒಬ್ಬೊಬ್ಬರಿಗೂ ನಲವತ್ತರ ಆಸುಪಾಸಿನಲ್ಲಿ ಕೊಟ್ಟರು. ನಾನು ಪಕ್ಕದಲ್ಲಿ ಕೂತು, ಎದ್ದು, ಕಿಟಕಿಯವರೆಗೆ ಹೋಗಿ ಬಂದು, ಮತ್ತೆ ಕೂತು, ಇದು ಅತಿಯಾಯಿತು ಎಂದು ಮೆಲ್ಲಗೆ ಸೂಚಿಸಿದೆ. ಅವರು ನನ್ನ ಸೂಚನೆಯನ್ನು ವಿನಯ ಎಂದು ತಿಳಿದು ಇನ್ನೂ ಎರಡೆರಡು ಸೇರಿಸಿದರು.

ಮುಂದಿನ ವಾರ ನಾನು ಬಯಲಿಗಿಳಿದೆ. ಅವರ ಮನೆಯಲ್ಲಿ ಇಡ್ಲಿ, ವಡೆ, ಪಾಯಸ. ಉಂಡದ್ದನ್ನು ಹೊಟ್ಟೆಯಲ್ಲಿ ಒಂದು ಕಡೆ ಇಟ್ಟು, ಧರ್ಮವನ್ನು ತಲೆಯಲ್ಲಿ ಇನ್ನೊಂದು ಕಡೆ ಇಟ್ಟು, ಅವರ ಮಕ್ಕಳಿಗೆ ಇಪ್ಪತ್ತೆಂಟು, ಮೂವತ್ತು, ಬಹಳ ಬುದ್ಧಿವಂತನಾದ ಒಬ್ಬನಿಗೆ ಮೂವತ್ತನಾಲ್ಕು ಕೊಟ್ಟು, ಸತ್ಯವನ್ನು ಉಳಿಸಿದ ಸಂತೋಷದಲ್ಲಿ ಘಟ್ಟ ಹತ್ತಿ ಬಂದೆ. ಆ ಸಂತೋಷ ಸುದ್ದಿ ಊರು ತಲುಪುವವರೆಗೆ ಉಳಿಯಿತು.

ಗೆಟ್ಟವಾಡಿಯ ಶಿವಮಲ್ಲಪ್ಪ ನಮ್ಮ ಮನೆಯ ಜಗಲಿಗೆ ಬಂದು ಕೂತದ್ದು ಆಗಲೇ. ಆತ ರಾಗಿ, ಹಿಪ್ಪುನೇರಳೆ ಬೆಳೆಯುವ ಸ್ಥಿತಿವಂತ. ಹಣೆಯ ಮೇಲೆ ವಿಭೂತಿ ಎದ್ದು ಕಾಣುವಂತೆ ಇರುತ್ತಿತ್ತು. ಮಾತು ಶುರು ಮಾಡುವ ಮುಂಚೆ ಹೆಗಲಿನ ವಸ್ತ್ರವನ್ನು ತೆಗೆದು ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದ. ನನ್ನ ಹೆಂಡತಿಯ ತವರೂರಿನವನಾದ್ದರಿಂದ ಅವಳಿಗೆ ಅಣ್ಣನ ವರಸೆ. ಅವನ ಅಣ್ಣನ ಮಗ ನಮ್ಮ ಶಾಲೆಯಲ್ಲಿದ್ದ.

“ಮೇಷ್ಟ್ರೇ, ನೀವು ಓದ್ದೋರು. ನಿಮ್ಗೆ ಏಳೋ ಅಷ್ಟು ದೊಡ್ಡೋನಲ್ಲ ನಾನು. ಆ ಬಯ್ಲು ಮೇಷ್ಟ್ರು ನಮ್ಮೈಕ್ಳಿಗೆ ನಲವತ್ತು ಆಕುದ್ರು. ನೀವು ಓಗಿ ಅವರೈಕ್ಳಿಗೆ ಮೂವತ್ತು ಆಕ್ಬುಟ್ಟು ಬಂದ್ರಂತೆ. ನಿಜ್ವಾ?”

“ನಿಜ. ಅದು ಅಳತೆ ಶಿವಮಲ್ಲಪ್ಪ. ಅವರಿಗೆ ಎಷ್ಟು ಬರುತ್ತಿತ್ತೋ ಅಷ್ಟು ಕೊಟ್ಟೆ.”

“ಅಳ್ತೆ ಮಾಡಕೆ ಅದೇನು ರಾಗಿಯಾ? ನಮ್ಮನೆ ಮದ್ವೆಗೆ ಒಬ್ರು ಒಂದು ಮೂಟೆ ಅಕ್ಕಿ ತಂದು ಇಳುಸ್ತರೆ ಅನ್ಕಳಿ. ಅವರ ಮನೆ ಮದ್ವೆಗೆ ನಾವು ಮುಕ್ಕಾಲು ಮೂಟೆ ಒತ್ಕಂಡು ಓದ್ರೆ ಚಂದಾಗಿದ್ದದಾ? ಚಪ್ರದ ಬಾಗ್ಲಲ್ಲೇ ನಿಲ್ಸಿ ಉಗೀತರೆ.”

ಒಳಗಿನಿಂದ ಸರ್ವಮಂಗಳ, “ಅಣ್ಣ ಏಳದ್ರಲ್ಲಿ ತಪ್ಪೇನದೆ? ಮುಯ್ಯಿ ಅಂದ್ರೆ ಮುಯ್ಯಿ,” ಎಂದಳು.

ಮುಯ್ಯಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಅಕ್ಕಿ, ಕಾಯಿ, ಬೆಲ್ಲ ತಂದುಕೊಟ್ಟರೆ ಅದು ಉಡುಗೊರೆಯಲ್ಲ, ಮುಯ್ಯಿ. ಅವರ ಮನೆಯ ಮದುವೆಗೆ ಅದನ್ನು ಹಿಂದಿರುಗಿಸಬೇಕು. ತಂದಷ್ಟನ್ನೇ ಹಿಂದಿರುಗಿಸಿದರೆ ಲೆಕ್ಕ ಮುಗಿಸಿಕೊಂಡಂತಾಗಿ, ಸಂಬಂಧವೂ ಮುಗಿಯಿತೆಂದು ಅರ್ಥ. ಆದ್ದರಿಂದ ಮರ್ಯಾದಸ್ತರು ಅದರ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ. ಆಗ ಅವರು ಇನ್ನೊಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ. ಹೊಲದ ಕೆಲಸಕ್ಕೆ ಆಳು ಕಳಿಸುವುದರಲ್ಲೂ ಇದೇ ಕ್ರಮ. ಈ ಪದ್ಧತಿಯಿಂದ ನಮ್ಮ ಸೀಮೆಯ ಹಲವು ಕುಟುಂಬಗಳು ತಲೆಮಾರುಗಳಿಂದ ಬಿಡಿಸಿಕೊಳ್ಳಲಾರದಷ್ಟು ಗಾಢವಾದ ಸ್ನೇಹದಲ್ಲಿ ಸಿಕ್ಕಿಕೊಂಡಿವೆ. ಪ್ಲಸ್ ಟೂ ಪ್ರಯೋಗ ಪರೀಕ್ಷೆಯನ್ನು ನಮ್ಮ ಜನ ನೋಡಿದ ಕೂಡಲೇ ಗುರುತು ಹಿಡಿದರು. ಅವರ ಮೇಷ್ಟ್ರು ಬಂದು ಹಾಕುತ್ತಾರೆ, ನಮ್ಮ ಮೇಷ್ಟ್ರು ಹೋಗಿ ಹಾಕುತ್ತಾರೆ. ಇದಕ್ಕೆ ಇನ್ನೇನು ಹೆಸರು?

ಮರುವರ್ಷ ಆರುಮುಗಂ ಅವರು ಬಂದರು. ನಗುನಗುತ್ತಲೇ ಬಂದರು, ಆದರೆ ಊಟಕ್ಕೆ ಕೂತಾಗ ಮುದ್ದೆ ಬೇಡವೆಂದರು, ಸಾರು ಬೇಡವೆಂದರು. “ಮಜ್ಜಿಗೆ ಸಾಕು ಸಾರ್.” ಮದುವೆ ಮನೆಯಲ್ಲಿ ಮನಸ್ಸು ಮುರಿದ ನೆಂಟರು ಹೀಗೆಯೇ ಮಜ್ಜಿಗೆ ಅನ್ನ ಉಂಡು ಎದ್ದು ಹೋಗುವುದು ನನಗೆ ಗೊತ್ತಿತ್ತು. ಸಂಜೆ ನಮ್ಮ ಮಕ್ಕಳಿಗೆ ಇಪ್ಪತ್ತೆಂಟು, ಮೂವತ್ತು ಹಾಕಿದರು. ಬಹಳ ಬುದ್ಧಿವಂತನಾದ ಒಬ್ಬನಿಗೆ ಮೂವತ್ತನಾಲ್ಕು. ನ್ಯಾಯವಾಗಿ ನನಗೆ ಸಂತೋಷವಾಗಬೇಕಾಗಿತ್ತು, ಏಕೆಂದರೆ ಅವು ಸರಿಯಾದ ಅಂಕಗಳೇ. ಆದರೆ ಆ ವರ್ಷ ನಮ್ಮ ಹುಡುಗರಲ್ಲಿ ಒಬ್ಬನಿಗೂ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ. ಬೇರೆ ಶಾಲೆಯವರೆಲ್ಲ ಆ ಹೊತ್ತಿಗೆ ನಲವತ್ತೈದರ ಮೇಲೆ ಓಡಾಡುತ್ತಿದ್ದರು. ಸತ್ಯ ನಮ್ಮ ಮಲೆಯ ಮೇಲೆ ಒಂಟಿಯಾಗಿ ನಿಂತಿತ್ತು. ಅದರ ಪಕ್ಕದಲ್ಲಿ ಸೀಟು ಸಿಗದ ಹುಡುಗರು ನಿಂತಿದ್ದರು. ಸಂತೆಯ ದಿನ ಅವರ ಅಪ್ಪಂದಿರು ನನ್ನನ್ನು ಕಂಡು ನಮಸ್ಕಾರ ಮಾಡುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ.

ನಾನು ಮುಯ್ಯಿಗೆ ಶರಣಾದೆ. ಮುಂದಿನ ಸಲ ಬಯಲಿಗೆ ಹೋದಾಗ ಕಣ್ಣು ಮುಚ್ಚಿ ನಲವತ್ತೆರಡು ಕೊಟ್ಟೆ. ಆರುಮುಗಂ ಅವರ ಕಣ್ಣಲ್ಲಿ ನೀರು ಬಂತು. ಮುಂದಿನ ವರ್ಷ ಮುದ್ದೆಯನ್ನು ಎರಡು ಸಲ ಹಾಕಿಸಿಕೊಂಡು ನಲವತ್ತನಾಲ್ಕು ಕೊಟ್ಟರು. ನಾನು ನಲವತ್ತೈದಕ್ಕೆ ಏರಿದೆ. ಅವರು ನಲವತ್ತೇಳು. ಏರುವುದು ಕಷ್ಟವೆಂದು ಇಷ್ಟು ದಿನ ಅಂದುಕೊಂಡಿದ್ದೆನಲ್ಲ, ಅದು ಮೊದಲ ಕೆಲವು ಅಂಕಗಳಿಗೆ ಮಾತ್ರ. ಆಮೇಲೆ ಇಳಿಜಾರಿನಲ್ಲಿ ಬ್ರೇಕು ತಪ್ಪಿದಂತೆ, ದಿಕ್ಕು ಮಾತ್ರ ಮೇಲ್ಮುಖ. ಮೂರು ಮತ್ತೊಂದು ವರ್ಷ ಕಳೆಯುವುದರೊಳಗೆ ಎರಡೂ ಶಾಲೆಗಳ ಸಮಸ್ತ ಮಕ್ಕಳೂ ಐವತ್ತಕ್ಕೆ ಐವತ್ತರಲ್ಲಿ ಬಂದು ನಿಂತರು.

ಅಲ್ಲಿ ದೊಡ್ಡ ಧರ್ಮಸಂಕಟ ಒದಗಿತು. ಐವತ್ತರ ಮೇಲೆ ಜಾಗವಿಲ್ಲ. ಅವರು ಐವತ್ತು ಕೊಟ್ಟ ಮೇಲೆ ನಾವು ಒಂದು ಹಿಡಿ ಹೆಚ್ಚಿಗೆ ಹಾಕುವುದು ಎಲ್ಲಿ? ಆರುಮುಗಂ ಅವರಿಗೂ ಇದೇ ಚಿಂತೆ. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ, ರಾಜ್ಯದ ಗಡಿಯ ಬಗ್ಗೆ ಮಂತ್ರಿಗಳು ಮಾತಾಡುವ ಗಾಂಭೀರ್ಯದಲ್ಲಿ ನಾವಿಬ್ಬರೂ ಇದನ್ನು ಚರ್ಚಿಸಿದೆವು. “ಸಾರ್, ಗವರ್ಮೆಂಟು ಇದನ್ನ ನೂರಕ್ಕೆ ಏರಿಸಿದ್ರೆ ನಾವು ಇನ್ನೊಂದು ಹತ್ತು ವರ್ಷ ನಿಶ್ಚಿಂತೆಯಾಗಿ ಇರಬಹುದು,” ಎಂದರು ಅವರು. ನಾನು ಒಪ್ಪಿದೆ.

ಐವತ್ತು ಎಲ್ಲರಿಗೂ ಸಿಕ್ಕುವಂತಾದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ತಾಳಮಲೆಯಿಂದ ಬರುತ್ತಿದ್ದ ಸಿದ್ದರಾಜು ಎಂಬ ಹುಡುಗ ಪರೀಕ್ಷೆಯ ದಿನ ಎರಡು ಗಾಜಿನ ಕೊಳವೆ ಮುರಿದು, ಆರುಮುಗಂ ಅವರ ಹೊಸ ಷರಟಿನ ಮೇಲೆ ಆಮ್ಲ ಚೆಲ್ಲಿ, ತಾನು ಪರೀಕ್ಷಿಸಬೇಕಾಗಿದ್ದ ಲವಣವನ್ನು ಅಡುಗೆ ಉಪ್ಪೆಂದು ಬರೆದ. ಷರಟಿನ ತೂತನ್ನು ನೋಡಿಕೊಳ್ಳುತ್ತಾ ಆರುಮುಗಂ ಅವರು ಎದೆ ಗಟ್ಟಿ ಮಾಡಿಕೊಂಡು ಅವನಿಗೆ ನಲವತ್ತೊಂಬತ್ತು ಹಾಕಿದರು. ಮೂರನೇ ದಿನಕ್ಕೆ ಅವನ ಅಪ್ಪ ನನ್ನೆದುರು ನಿಂತಿದ್ದ.

“ಆ ಒಂದು ಎಲ್ಲೋಯ್ತು ಮೇಷ್ಟ್ರೇ?”

“ನಿನ್ನ ಮಗ ಲವಣ ಗುರುತು ಹಿಡಿಯಲಿಲ್ಲವಪ್ಪ.”

“ಅದ್ಯಾರ್ ಇಡುದ್ರು ಇವತ್ತು? ಊರೈಕ್ಳಿಗೆಲ್ಲ ಕೊಟ್ಟು ನನ್ ಮಗುಂಗೆ ಒಂದು ಮುರ್ಕಂಡ್ರಲ್ಲ, ಸಂತೇಲಿ ನಾನು ಮೊಕ ಎತ್ಕಂಡು ತಿರ್ಗಾಡಂಗಿಲ್ಲ.”

ಅವನು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಸಿದ್ದರಾಜುವಿಗೆ ‘ನಲವತ್ತೊಂಬತ್ತು’ ಎಂದೇ ಹೆಸರಾಯಿತು. “ಏ ನಲವತ್ತೊಂಬತ್ತು, ಬಾಲಾ ಇಲ್ಲಿ,” ಎಂದು ಬಸ್ಸಿನ ಕಂಡಕ್ಟರೂ ಕರೆಯುತ್ತಿದ್ದ. ಹಿಂದೆ ಮೂವತ್ತನಾಲ್ಕು ತೆಗೆದವನನ್ನು ಊರೆಲ್ಲ ಎದ್ದು ನೋಡಿತ್ತು. ಈಗ ನಲವತ್ತೊಂಬತ್ತು ತೆಗೆದವನನ್ನೂ ಎದ್ದು ನೋಡಿತು.

ಇಂಥ ಸಮೃದ್ಧಿಯ ಕಾಲದಲ್ಲಿ ಶಿವಮಲ್ಲಪ್ಪನ ಮಗಳು ಗೌರಿ ನನ್ನ ತರಗತಿಗೆ ಬಂದಳು. ಮಾತು ಕಡಿಮೆ, ಆದರೆ ಆಡಿದ ಮಾತೆಲ್ಲ ಪ್ರಶ್ನೆಯಾಗಿರುತ್ತಿತ್ತು, ಅದು ಮೇಷ್ಟ್ರಾದವನಿಗೆ ಒಳ್ಳೆಯ ಶಕುನವಲ್ಲ. ಅವರ ಹೊಲದಲ್ಲಿ ರಾಗಿ ಒಂದು ಬದಿಯಲ್ಲಿ ಎದೆಯುದ್ದ, ಇನ್ನೊಂದು ಬದಿಯಲ್ಲಿ ಮೊಣಕಾಲುದ್ದ ಬೆಳೆಯುತ್ತಿತ್ತಂತೆ. ಯಾಕೆ ಎಂದು ನನ್ನನ್ನು ಕೇಳಿದಳು. “ಮಣ್ಣು,” ಎಂದೆ. “ಮಣ್ಣಲ್ಲಿ ಏನು ಸಾರ್?” ಎಂದಳು. ಗಂಟೆ ಹೊಡೆದದ್ದರಿಂದ ನಾನು ಉಳಿದೆ. ಆ ‘ಏನು’ ಅನ್ನು ಹುಡುಕಿಕೊಂಡು ಅವಳು ಬಯಲಿನ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಕೃಷಿ ಓದಲು ಹೋಗಬೇಕೆಂದಿದ್ದಳು. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ. ಶಿವಮಲ್ಲಪ್ಪ ಜಗಲಿಯ ಮೇಲೆ ಕೂತು ತೀರ್ಪು ಹೇಳಿದ್ದ: “ಒಂದೇ ಸಲ ಮೇಷ್ಟ್ರೇ. ಸೀಟು ಸಿಕ್ಕುದ್ರೆ ಓಗ್ಲಿ, ನಾನು ಅಡ್ಡ ಬರಕಿಲ್ಲ. ಸಿಕ್ಕನಿಲ್ಲ ಅಂದ್ರೆ ರೇಷ್ಮೆ ಉಳ ಸಾಕ್ಕಂಡು ಮನೇಲಿರ್ಲಿ. ಎರಡ್ನೇ ಸಲದ ಮಾತು ಬ್ಯಾಡ.”

ಪ್ರಯೋಗ ಪರೀಕ್ಷೆ ಮುಗಿಯಿತು. ಎಲ್ಲರಿಗೂ ಐವತ್ತು, ಗೌರಿಗೂ ಐವತ್ತು. ಬೇರೆ ಮಕ್ಕಳು ಕುಣಿಯುತ್ತಾ ಹೋದರು. ಇವಳು ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು.

“ಸಾರ್, ನಂಗೆ ನಿಜ್ವಾಗ್ಲೂ ಎಷ್ಟು ಬರ್ಬೇಕಾಗಿತ್ತು?”

“ಐವತ್ತು ಬಂದಿದೆಯಲ್ಲಮ್ಮ.”

“ಅದು ಎಲ್ಲರ್ಗೂ ಬಂದದೆ ಸಾರ್. ನಂದು ಎಷ್ಟು?”

ನಾನು ಪ್ರಯೋಗಾಲಯದ ಬೀರುವಿಗೆ ಮೂರು ಸಲ ಬೀಗ ಹಾಕಿ ತೆಗೆದೆ. ಹೇಳುವುದೇನು? ಎಷ್ಟೋ ವರ್ಷದಿಂದ ನಾನು ಯಾರನ್ನೂ ಅಳೆದಿರಲಿಲ್ಲ. ಯಾವುದಕ್ಕೆ ಎಷ್ಟು ಕಳೆಯಬೇಕು ಎನ್ನುವುದೇ ಕೈಗೆ ಮರೆತುಹೋಗಿತ್ತು. “ಒಳ್ಳೆಯ ಅಂಕವೇ ಬರುತ್ತಿತ್ತು, ಹೋಗು,” ಎಂದೆ. ಅವಳು ಹೋದಳು. ಒಳ್ಳೆಯ ಅಂಕ ಎಂದರೆ ಎಷ್ಟು ಎಂದು ಕೇಳಲಿಲ್ಲವಲ್ಲ ಎಂಬುದೇ ನನ್ನನ್ನು ಸಂಜೆಯೆಲ್ಲ ಅತ್ತಿಂದಿತ್ತ ನಡೆಸಿತು. “ಕಾಲಿಗೆ ಚಕ್ರ ಕಟ್ಕಂಡಿದ್ದರಾ?” ಎಂದು ಸರ್ವಮಂಗಳ ಕೇಳಿದಳು.

ಸೀಟಿಗಾಗಿ ಸಂದರ್ಶನಕ್ಕೆ ಕರೆ ಬಂತು. ಅಪ್ಪ ಮಗಳ ಜೊತೆ ನಾನೂ ಹೊರಟೆ. ನನ್ನನ್ನು ಯಾರೂ ಕರೆದಿರಲಿಲ್ಲ. ಮನೆಯಲ್ಲಿ ಕೂರಲು ಆಗದವನು ಬಸ್ಸಿನಲ್ಲಿ ನಿಲ್ಲುವುದು ಮೇಲೆಂದು ಹೊರಟೆ. ಜಾಗವಿದ್ದರೂ ಘಟ್ಟ ಇಳಿಯುವವರೆಗೆ ಕಂಬಿ ಹಿಡಿದು ನಿಂತೇ ಇದ್ದೆ. ಶಿವಮಲ್ಲಪ್ಪ ಮಾತ್ರ ಹೊಸ ಪಂಚೆ ಉಟ್ಟು, ಮಗಳ ಐವತ್ತನ್ನು ಹೆಗಲ ಮೇಲೆ ಹೊತ್ತವನಂತೆ ಎದೆಯುಬ್ಬಿಸಿ ಕೂತಿದ್ದ.

ಅಲ್ಲಿನ ವರಾಂಡದಲ್ಲಿ ಅಪ್ಪಂದಿರ ಜಾತ್ರೆಯೇ ಸೇರಿತ್ತು. ಶಿವಮಲ್ಲಪ್ಪ ಪಕ್ಕದಲ್ಲಿದ್ದ ಬಿಳಿ ಷರಟಿನವರೊಬ್ಬರನ್ನು ತಮಿಳಿನಲ್ಲಿ ಮಾತಾಡಿಸಿ, ಬಹಳ ಸಂಕೋಚದಿಂದ, ಅವರು ಕೇಳಿದ್ದಕ್ಕೆ ಹೇಳುವವನಂತೆ, ತನ್ನ ಮಗಳಿಗೆ ಪ್ರಯೋಗದಲ್ಲಿ ಐವತ್ತು ಎಂದ. ಅವರು ತಮ್ಮ ಮಗನಿಗೂ ಐವತ್ತು ಎಂದರು. ಆಚೆಯವರು ತಮ್ಮ ಮಗನಿಗೂ ಎಂದರು. ಹಿಂದಿನ ಬೆಂಚಿನವರು, ಗೋಡೆಗೊರಗಿದವರು, ಕಂಬದ ಹತ್ತಿರದವರು, ಎಲ್ಲರೂ ಐವತ್ತು. ಶಿವಮಲ್ಲಪ್ಪ ನಿಧಾನವಾಗಿ ನನ್ನ ಹತ್ತಿರ ಬಂದ. ಅವನ ಮುಖ, ಸಂತೆಯಲ್ಲಿ ತನ್ನ ಎತ್ತಿನಂಥದ್ದೇ ನೂರು ಎತ್ತು ಕಂಡವನ ಮುಖವಾಗಿತ್ತು.

“ಮೇಷ್ಟ್ರೇ, ಎಲ್ಲಾರತ್ರೂವೆ ಅದೆ ಕನ ಇದು.”

“ಹೌದು.”

“ಈ ಊರು ತುಂಬ ಇರೋ ಮಾಲ ನೀವು ನಮ್ಗೆ ಕೊಟ್ಟಿದ್ದು?”

ನಾನು ವರಾಂಡದ ಇನ್ನೊಂದು ತುದಿಗೆ ನಡೆದೆ. ಅಲ್ಲಿ ಇನ್ನೂ ಕೆಟ್ಟ ಸುದ್ದಿ ಕಾದಿತ್ತು. ಎಲ್ಲರ ಅಂಕವೂ ಒಂದೇ ಆಗಿರುವುದರಿಂದ ಈ ವರ್ಷ ಪ್ರಯೋಗದ ಅಂಕಗಳನ್ನು ಪಕ್ಕಕ್ಕಿಟ್ಟು, ಲಿಖಿತ ಪರೀಕ್ಷೆಯನ್ನೂ ಸಂದರ್ಶನವನ್ನೂ ಮಾತ್ರ ನೋಡುತ್ತಾರಂತೆ. ಗೌರಿಯ ಲಿಖಿತ ಅಂಕ ಸಾಧಾರಣದ್ದು. ಆ ಉತ್ತರಪತ್ರಿಕೆ ಎಲ್ಲೋ ದೂರದ ಊರಿನಲ್ಲಿ, ಇನ್ನೂ ಮುಯ್ಯಿಯ ಗಾಳಿ ಸೋಕದ, ಹಿಂದಿನ ನನ್ನಂಥ ಯಾವನೋ ಒಬ್ಬನ ಕೈಗೆ ಸಿಕ್ಕಿರಬೇಕು. ಅವನ ಮೇಲೆ ನನಗೆ ವಿಪರೀತ ಕೋಪ ಬಂತು. ಅವನನ್ನು ಮನಸ್ಸಿನಲ್ಲೇ ಬೈಯುತ್ತಾ ನಾನು ವರಾಂಡವನ್ನು ಎಷ್ಟು ಅಳೆದೆನೆಂದರೆ ಬಾಗಿಲ ಜವಾನ ಎದ್ದು ಬಂದು, “ಉಕ್ಕಾರುಂಗ ಸಾರ್, ನಿಮ್ಮ ಹುಡುಗಿಗಿಂತ ಮುಂಚೆ ನಿಮಗೇ ಸೀಟು ಬೇಕಾದಂಗದೆ,” ಎಂದು ತನ್ನ ಸ್ಟೂಲನ್ನೇ ಕೊಟ್ಟ. ಕೂತೆ. ಎದ್ದೆ.

ಗೌರಿ ಒಳಗಿನಿಂದ ಬಂದಳು. ಅಪ್ಪ ಗೇಟಿನ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋಗಿ ಮೂರು ಟೀ ಹೇಳಿದ. ನಾನೇ ಕೇಳಿದೆ. ಅವಳು ಬನ್ನನ್ನು ಟೀಯಲ್ಲಿ ಅದ್ದುತ್ತಾ ಹೇಳಿದಳು.

“ಅಲ್ಲಿ ಒಬ್ರು ವಯಸ್ಸಾದೋರು ಇದ್ರು ಸಾರ್. ‘ಇವತ್ತು ಬಂದೋರ್ಗೆಲ್ಲ ಐವತ್ತು, ನಿಂಗೂ ಐವತ್ತಾ?’ ಅಂದ್ರು. ಊಂ ಅಂದೆ. ‘ನೀನೇ ಪರೀಕ್ಷೆ ಮಾಡೋಳಾಗಿದ್ರೆ ನಿಂಗೆ ಎಷ್ಟು ಆಕ್ತಿದ್ದೆ?’ ಅಂದ್ರು.”

“ನೀನೇನು ಹೇಳಿದೆ?”

“ಮೂವತ್ತೆಂಟು ಅಂದೆ.”

ಶಿವಮಲ್ಲಪ್ಪ ಹಣೆ ಚಚ್ಚಿಕೊಂಡ. “ಅಯ್ಯೋ ನಿನ್ನ ಮನೆ ಕಾಯ್ವಾಗ. ಇದ್ದಿದ್ನೂ ಕಳ್ದಾಕಂಡು ಬಂದ್ಯಲ್ಲವ್ವ.”

“ಯಾಕೆ ಅಂದ್ರು. ಲವಣ ಸರ್ಯಾಗಿ ಕಂಡುಡ್ದೆ, ಆದ್ರೆ ದ್ರಾವಣ ಅಳ್ಯೋದ್ರಲ್ಲಿ ಮೂರು ಸಲ ಮಾಡುದ್ರೆ ಮೂರು ಥರ ಬಂತು, ಯಾಕೆ ಅಂತ ನಂಗೆ ಗೊತ್ತಾಗ್ನಿಲ್ಲ, ಅದುಕ್ಕೆ ಅನ್ನೆಲ್ಡು ಕಳುದ್ರೆ ನ್ಯಾಯ ಅಂದೆ. ಆಮೇಲೆ ಇನ್ನೊಬ್ರು, ‘ಮತ್ತೆ ನಿಮ್ಮ ಮೇಷ್ಟ್ರು ಯಾಕೆ ಐವತ್ತು ಕೊಟ್ರು?’ ಅಂದ್ರು.”

ನಾನು ಲೋಟವನ್ನು ಕೆಳಗಿಟ್ಟೆ. “ಅದಕ್ಕೆ?”

“ನಮ್ಮ ಸಾರ್ ಬಾಳ ಒಳ್ಳೇವ್ರು ಅಂದೆ. ಎಲ್ಲಾರೂ ನಕ್ಕುಬುಟ್ರು.”

ಅಲ್ಲಿಂದ ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ನನ್ನ ಚಪ್ಪಲಿಗಳನ್ನು ಕೇಳಬೇಕು. ಬಸ್ಸು ಬರುವ ಹೊತ್ತಿಗೆ ಟಪಾಲು ಬರುತ್ತದೆಂದು ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಪೋಸ್ಟಾಫೀಸಿಗೆ, ಅಲ್ಲಿಂದ ಯಾರೂ ಕರೆಯದ ಗೆಟ್ಟವಾಡಿಗೆ. ಗೌರಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಕೂತಿರುತ್ತಿದ್ದಳು. ತಟ್ಟೆ ತುಂಬ ಹುಳುಗಳು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಅವಳು ನನ್ನ ಮುಖ ನೋಡಿ ಇಲ್ಲ ಎಂದು ತಿಳಿದುಕೊಂಡು ಮತ್ತೆ ಸೊಪ್ಪಿಗೆ ಕೈ ಹಾಕುತ್ತಿದ್ದಳು. ಆ ಹುಳುಗಳನ್ನು ನೋಡಿದರೆ ನನಗೆ ಆಗುತ್ತಿರಲಿಲ್ಲ. ನಾನು ಅಂದೇ ಹನ್ನೆರಡು ಕಳೆದು ಯಾಕೆಂದು ಹೇಳಿದ್ದರೆ, ಅವಳು ಅಪರಿಚಿತರ ಮುಂದೆ ತನ್ನನ್ನು ತಾನೇ ಅಳೆದುಕೊಳ್ಳಬೇಕಾಗಿರಲಿಲ್ಲ. ಆದರೆ ಅಂದು ಹನ್ನೆರಡು ಕಳೆದಿದ್ದರೆ ಶಿವಮಲ್ಲಪ್ಪ ನನ್ನ ಜಗಲಿಯಿಂದ ಏಳುತ್ತಿರಲಿಲ್ಲ. ಈ ಎರಡರ ನಡುವೆ ಓಡಾಡುವುದೇ ನನ್ನ ಕೆಲಸವಾಯಿತು.

ಸೀಟು ಸಿಕ್ಕಿತು. ಶಿವಮಲ್ಲಪ್ಪ ಒಂದು ಬಾಳೆಗೊನೆ ಹೊತ್ತು ತಂದು ಜಗಲಿಯ ಮೇಲಿಟ್ಟು, “ನಿಮ್ ಐವತ್ಗಲ್ಲ ಇದು. ಅವಳ್ ಮೂವತ್ತೆಂಟ್ಕೆ,” ಎಂದ. ನಾನು ಯಾವುದಕ್ಕಾದರೂ ಸರಿ ಎಂದು ಗೊನೆಯನ್ನು ಒಳಗಿಟ್ಟೆ.

ದೀಪಾವಳಿಗೆ ಗೌರಿ ಊರಿಗೆ ಬಂದಳು. ಅವಳು ಬಂದ ಮರುದಿನ ಶಿವಮಲ್ಲಪ್ಪ ಮಗಳನ್ನು ಮುಂದಿಟ್ಟುಕೊಂಡು ನಮ್ಮ ಮನೆಗೆ ಬಂದ. ಹೆಗಲ ವಸ್ತ್ರ ತೊಡೆಯ ಮೇಲೆ ಬರುವ ಮೊದಲೇ ಮಾತು ಬಂತು.

“ಮೇಷ್ಟ್ರೇ, ಐವತ್ತು ತಕ್ಕಂಡಿದ್ ಮಗ ಅಲ್ಲೋಗಿ ಪ್ರಯೋಗ್ದಲ್ಲಿ ಐವತ್ಕೆ ಅತ್ತೊಂಬತ್ತು ತಕ್ಕಂಡದೆ. ಅಲ್ಲಿ ಯಾರ್ಗಾರ ನಾವು ಮುಯ್ಯಿ ಮಾಡ್ನಿಲ್ವಾ? ಏಳಿ, ಎಲ್ಡು ಮೂಟೆ ರಾಗಿ ಲಾರಿಗೆ ಆಕುಸ್ತೀನಿ.”

“ಸುಮ್ನಿರಪ್ಪ,” ಎಂದಳು ಗೌರಿ. ನಗುತ್ತಿದ್ದಳು. ಕಾಲೇಜಿಗೆ ಹೋಗಿ ನಗುವುದನ್ನು ಕಲಿತಿದ್ದಳು. “ಕ್ಲಾಸಿಗೆ ನಂದೇ ಎರಡ್ನೇದು ಸಾರ್. ಅಲ್ಲಿ ನಮ್ಮ ಪ್ರೊಫೆಸರು ಇಪ್ಪತ್ತೈದರ ಮೇಲೆ ಯಾರ್ಗೂ ಆಕಿಲ್ವಂತೆ. ಆ ಬಿಳೀ ಷರಟಿನೋರ ಮಗುಂಗೆ ಏಳು. ರಾತ್ರಿಯೆಲ್ಲ ಅಳ್ತಿದ್ನಂತೆ.”

“ನೀನು ಅಳಲಿಲ್ಲವಾ?”

“ಯಾಕೆ ಸಾರ್? ಇದು ನಂದೇ ಅತ್ತೊಂಬತ್ತು.”

ಇದೇನು ಪ್ರಪಂಚ ಎಂದು ನಾನು ಕೂತಲ್ಲೇ ಅಲುಗಾಡಿದೆ. ಕೆಳಗಿನ ಶಾಲೆಗಳೆಲ್ಲ ಮಕ್ಕಳನ್ನು ಏಣಿ ಹಾಕಿ ಅಟ್ಟಕ್ಕೆ ಹತ್ತಿಸುವುದು. ಮೇಲ್ಗಡೆಯವರು ಏಣಿ ತೆಗೆದು ಎಲ್ಲರನ್ನೂ ನೆಲಕ್ಕೆ ಹಾಕುವುದು. ನಡುವೆ ನಿಜವಾದ ಅಂಕ ಯಾವುದೆಂದು ಹೇಳಲು ಒಬ್ಬರಿಗೂ ಪುರುಸೊತ್ತಿಲ್ಲ. ಮಾತು ಬೆಳೆಸಬೇಕೆಂದು, ಅಷ್ಟೇನೂ ಉತ್ತರದ ಆಸೆಯಿಲ್ಲದೆ, “ಅಲ್ಲಮ್ಮ, ಉಳಿದ ಮೂವತ್ತೊಂದನ್ನು ಅವರು ಯಾವುದಕ್ಕೆ ಕಳೆದರು?” ಎಂದೆ.

ಅವಳ ನಗು ನಿಂತಿತು. ಕಾಫಿ ಲೋಟದೊಳಗೆ ನೋಡಿದಳು.

“ಸುಮಾರು ಅಂಗೇ ಕಳೀತರೆ ಸಾರ್. ಆದ್ರೆ ಅತ್ತು ಮಾತ್ರ ಬ್ಯುರೆಟ್ಟು ನೋಡೋದ್ರಲ್ಲಿ ಓಯ್ತು. ಗಾಜಿನ ಕೊಳವೇಲಿ ದ್ರಾವಣ ಎಷ್ಟಕ್ಕೆ ನಿಂತದೆ ಅಂತ ಕಣ್ಣ ಆ ಗೆರೆ ಮಟ್ಟಕ್ಕೇ ತಂದು ನೋಡ್ಬೇಕಂತೆ. ಮೇಲಿಂದ ನೋಡುದ್ರೆ ಒಂದೊಂದ್ ಸಲ ಒಂದೊಂದು ಥರ ಕಾಣ್ತದಂತೆ. ಪ್ರೊಫೆಸರು ನನ್ನ ಕತ್ತು ಇಡ್ದು ಬಗ್ಸುದ್ರು. ‘ನಿಂತ್ಕಂಡು ನೋಡೋದ ಯಾರು ಕಲ್ಸುದ್ರು?’ ಅಂದ್ರು.”

ಅವಳು ಯಾರ ಹೆಸರು ಹೇಳಿದಳೆಂದು ನಾನು ಕೇಳಲಿಲ್ಲ. ಕಣ್ಣಿನ ಮಟ್ಟಕ್ಕೆ ತಂದು ನೋಡಬೇಕೆಂದು ನನಗೆ ಗೊತ್ತಿಲ್ಲವೇ? ಪುಸ್ತಕದಲ್ಲಿದೆ, ಪ್ರತಿ ವರ್ಷ ನಾನೇ ಓದಿ ಹೇಳುತ್ತೇನೆ. ಆದರೆ ನಮ್ಮ ಪ್ರಯೋಗಾಲಯದ ಮೇಜುಗಳನ್ನು ಊರಿನ ಬಡಗಿ ದನದ ಗೋದಲೆಯ ಎತ್ತರಕ್ಕೆ ಮಾಡಿದ್ದ, ನನ್ನ ಸೊಂಟಕ್ಕೆ ಬಗ್ಗುವ ಇಷ್ಟವಿರಲಿಲ್ಲ, ಆದ್ದರಿಂದ ನಾನು ನಿಂತೇ ನೋಡುತ್ತಿದ್ದೆ. ಮಕ್ಕಳು ನಾನು ಓದಿದ್ದನ್ನು ಬಿಟ್ಟು ಮಾಡಿದ್ದನ್ನು ಕಲಿತಿದ್ದರು. ಐವತ್ತಕ್ಕೆ ಐವತ್ತರ ಕಾಲದಲ್ಲಿ ಯಾರ ಉತ್ತರವನ್ನೂ ನೋಡಬೇಕಾಗಿರಲಿಲ್ಲವಾದ್ದರಿಂದ, ಇಡೀ ತಾಳವಾಡಿ ಮಲೆಯ ದ್ರಾವಣಗಳು ಇಷ್ಟು ವರ್ಷ ಮೂರು ಸಲಕ್ಕೆ ಮೂರು ಥರ ಬರುತ್ತಿದ್ದುದು ನನ್ನ ಕಿವಿಗೆ ಬಿದ್ದಿರಲಿಲ್ಲ.

ಯಾವ ಧೈರ್ಯದಲ್ಲಿ ಕೇಳಿದೆನೋ ತಿಳಿಯದು. “ಗೌರಿ, ನೀನೇ ಪರೀಕ್ಷಕಳು ಅನ್ನು. ನನಗೆ ಐವತ್ತಕ್ಕೆ ಎಷ್ಟು ಹಾಕುತ್ತೀಯ?”

ಗೌರಿ ಅಪ್ಪನ ಕಡೆ ನೋಡಿದಳು. ಅಪ್ಪ ಸೂರಿನ ಕಡೆ ನೋಡಿದ. ಸರ್ವಮಂಗಳ ಆಗ ತಾನೇ ತಟ್ಟೆಯಲ್ಲಿ ಹಬ್ಬದ ಕಜ್ಜಾಯ ತಂದು ಅವಳ ಮುಂದಿಟ್ಟಳು. ಗೌರಿ ಕಜ್ಜಾಯವನ್ನು ನೋಡಿದಳು, ನನ್ನನ್ನು ನೋಡಿದಳು.

“ನಲವತ್ತೆಂಟು ಸಾರ್,” ಎಂದಳು.

ಅವರು ಹೋದ ಮೇಲೆ ನಾನು ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಜಗಲಿಗೆ ತಿರುಗತೊಡಗಿದೆ. ಅಪರಿಚಿತರ ಮುಂದೆ, ಸೀಟೇ ಹೋಗುವ ಹೊತ್ತಿನಲ್ಲಿ, ತನಗೆ ಮೂವತ್ತೆಂಟು ಹಾಕಿಕೊಂಡ ಹುಡುಗಿ ನನಗೆ ನಲವತ್ತೆಂಟು ಹಾಕಿದ್ದಳು. ಅದು ನಿಜವಾದ ಅಂಕವಲ್ಲ ಎಂದು ಹೇಳಲು ಪ್ರೊಫೆಸರು ಬೇಕಾಗಿರಲಿಲ್ಲ. ಬರೀ ಬ್ಯುರೆಟ್ಟಿಗೇ ಹತ್ತು ಹೋಗಬೇಕು.

“ಕೊಟ್ಟಿದ್ದ ತಕ್ಕಂಡು ಒಂದ್ ಕಡೆ ಕೂತ್ಕಳಿ,” ಎಂದಳು ಸರ್ವಮಂಗಳ. “ಇನ್ನೇನಂತೆ ನಿಮ್ದು?”

ಏನೂ ಇಲ್ಲ ಎಂದೆ. ಹೆಂಡತಿಯ ಹತ್ತಿರ ಹೇಳಿಕೊಳ್ಳುವ ಮಾತಲ್ಲ ಅದು. ಗೌರಿ ಕೊಟ್ಟ ಅಂಕ ಶುದ್ಧ ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೇಗೂ ಸುಳ್ಳೇ ಹೇಳುವಾಗ ಆ ಹುಡುಗಿ ಇನ್ನೆರಡನ್ನು ಯಾಕೆ ಉಳಿಸಿಕೊಂಡಳು ಎಂಬುದೇ ಹಬ್ಬ ಮುಗಿಯುವವರೆಗೆ ನನ್ನನ್ನು ಕೂರಲು ಬಿಡಲಿಲ್ಲ.